ಮೊಟ್ಟೆ, ಬಿಸಿಲು ಮತ್ತು ನಮ್ಮ ಮೂಳೆಗಳು



ಊರಿನಲ್ಲಿ ಅಂಗಳದ ಬಿಸಿಲೇ ನಮಗೆ ಡಿ ಜೀವಸತ್ವ ಕೊಡುತ್ತಿತ್ತು. ಬಾಸ್ಟನ್ನಿನಂಥ ಊರುಗಳಲ್ಲಿ ನವೆಂಬರಿನಿಂದ ಫೆಬ್ರವರಿಯವರೆಗೆ ಬಿಸಿಲಿದ್ದರೂ ಚರ್ಮ ಅದನ್ನು ತಯಾರಿಸಲಾರದು. ನಮ್ಮ ಕಂದು ಮೈಗೆ ಬೇಸಿಗೆಯಲ್ಲೂ ಹೆಚ್ಚು ಹೊತ್ತು ಬೇಕು. ತೀವ್ರ ಕೊರತೆಯಾದರೆ ಮಕ್ಕಳ ಕಾಲು ಬಾಗುತ್ತದೆ, ಹಿರಿಯರ ಮೂಳೆ ಮೆದುವಾಗುತ್ತದೆ.

"ದಿನಾ ಮೊಟ್ಟೆ ತಿಂದರೆ ಸಾಕಲ್ಲವೇ ಡಾಕ್ಟ್ರೇ?" ಎಂದು ನಮ್ಮನ್ನು ಕೇಳುವವರುಂಟು. ಒಂದು ಮೊಟ್ಟೆಯ ಹಳದಿಯಲ್ಲಿರುವುದು ಸುಮಾರು 40 ಯೂನಿಟ್. ವಯಸ್ಕರಿಗೆ ದಿನಕ್ಕೆ 600, 70 ದಾಟಿದವರಿಗೆ 800 ಬೇಕು. ದಿನಕ್ಕೆ 15 ಮೊಟ್ಟೆ ತಿನ್ನುವವರಾರು!

ತಿನ್ನುವವರು ಹಳದಿಯನ್ನು ಎಸೆಯದಿರೋಣ, ತಿನ್ನದವರು ಅಳುಕಬೇಕಿಲ್ಲ. ಇಲ್ಲಿನ ಡಿ ಬೆರೆಸಿದ ಹಾಲು ಒಂದು ಲೋಟಕ್ಕೆ ಸುಮಾರು 100 ಯೂನಿಟ್ ಕೊಡುತ್ತದೆ. ಉಳಿದದ್ದಕ್ಕೆ ಗುಳಿಗೆ, ಅದೂ ವೈದ್ಯರನ್ನು ಕೇಳಿಯೇ; ಅತಿಯಾದರೆ ಅದೂ ಹಾನಿ. ಊರಿಂದ ಬಂದು ಚಳಿಗಾಲವಿಡೀ ಮನೆಯೊಳಗೇ ಕೂರುವ ಅಪ್ಪ ಅಮ್ಮಂದಿರನ್ನು ಮರೆಯದಿರೋಣ.