ಹ್ಯಾಂಡಲಿನ ಸಡಿಲು: ಮೂರು ಗಾಲಿಯ ವಾಹನವೂ ನಮ್ಮ ಮಕ್ಕಳೂ

(ಶತಮಾನೋತ್ಸವದ ಅಂಗವಾಗಿ ಜರುಗಿದ ಪಾಲಕರ ಸಮಾವೇಶದಲ್ಲಿ ಶಾಲೆಯ ಮುಖ್ಯಾಧ್ಯಾಪಕಿಯವರು ಮಾಡಿದ ಭಾಷಣ)



ನೂರು ವರ್ಷ ತುಂಬಿದ ಕನ್ನಡ ಶಾಲೆಯ ವೇದಿಕೆಯಲ್ಲಿ ನಾಡು, ನುಡಿ, ಗಡಿಗಳ ಕುರಿತು ಮಾತನಾಡುವುದು ವಾಡಿಕೆ. ಹಿರಿಯರು ಆ ವಿಷಯಗಳನ್ನು ಸೊಗಸಾಗಿ ನಿರೂಪಿಸಿದ್ದಾರೆ. ನಾವು ಇಂದು ಆರಿಸಿಕೊಂಡ ವಿಷಯ ತೀರ ಸಾಮಾನ್ಯವಾದುದು. ಶಾಲೆಯ ಗೇಟಿನ ಮುಂದೆ ದಿನಕ್ಕೆರಡು ಬಾರಿ ಬಂದು ನಿಲ್ಲುವ ರಿಕ್ಷಾದ ಹ್ಯಾಂಡಲು. ಅದರ ಸಡಿಲನ್ನು ಕಂಡುಹಿಡಿಯುವುದು ಹೇಗೆ ಎಂಬುದಷ್ಟೇ ಈ ಭಾಷಣದ ವಸ್ತು. ಇದು ಗ್ಯಾರೇಜಿನ ಮಾತಲ್ಲವೇ, ಶಾಲೆಗೇನು ಸಂಬಂಧ ಎಂದು ಕೆಲವರಿಗೆ ಅನಿಸೀತು. ಕನ್ನಡ ಮಾಧ್ಯಮದ ಶಾಲೆ ಮನೆಯ ಬಾಗಿಲಲ್ಲಿ ಇಲ್ಲದ ಕಾರಣ, ಗಡಹಿಂಗ್ಲಜದ ಸುತ್ತಣ ಹಳ್ಳಿಗಳ ಮಕ್ಕಳಾಗಲಿ, ಇಚಲಕರಂಜಿಯ ಮಗ್ಗದ ಓಣಿಗಳ ಮಕ್ಕಳಾಗಲಿ, ಕನ್ನಡ ಕಲಿಯಲೆಂದು ದೂರದಿಂದ ಬರುತ್ತಾರೆ. ಅವರನ್ನು ಕರೆತರುವುದು ಮೂರು ಗಾಲಿಗಳು. ಆದ್ದರಿಂದ ಆ ಗಾಲಿಗಳ ಚಿಂತೆ ನಮ್ಮ ಚಿಂತೆಯೂ ಹೌದು.

ಮೊದಲಿಗೆ ಈ ವಾಹನದ ಹುಟ್ಟನ್ನು ಸ್ವಲ್ಪ ತಿಳಿಯೋಣ. ಎರಡನೆಯ ಮಹಾಯುದ್ಧ ಮುಗಿದ ಮೇಲೆ, ವಿಮಾನ ನಿರ್ಮಾಣದಲ್ಲಿ ಪಳಗಿದ್ದ ಇಟಲಿಯ ಎಂಜಿನಿಯರ್ ಕೊರಾಡಿನೊ ದಾಸ್ಕಾನಿಯೊ ಎಂಬುವರು ಪಿಯಾಜಿಯೊ ಸಂಸ್ಥೆಗಾಗಿ ವೆಸ್ಪಾ ಸ್ಕೂಟರನ್ನು ರೂಪಿಸಿದರು. ಅದು ೧೯೪೬ರಲ್ಲಿ ಮಾರುಕಟ್ಟೆಗೆ ಬಂದಿತು. ಎರಡೇ ವರ್ಷಗಳಲ್ಲಿ, ಎಂದರೆ ೧೯೪೮ರಲ್ಲಿ, ಅದೇ ಸ್ಕೂಟರಿನ ಹಿಂಬದಿಗೆ ಎರಡು ಗಾಲಿ ಹಾಗೂ ಸಾಮಾನು ಹೊರುವ ಪೆಟ್ಟಿಗೆಯನ್ನು ಕೂಡಿಸಿ ‘ಆಪೆ’ಯನ್ನು ತಂದರು. ಇಟಾಲಿಯನ್ ಭಾಷೆಯಲ್ಲಿ ವೆಸ್ಪಾ ಎಂದರೆ ಕಣಜ, ಆಪೆ ಎಂದರೆ ಜೇನುನೊಣ. ಅದೇ ವಂಶದ ವಾಹನಗಳು ಮುಂದೆ ಪುಣೆಯ ಬಜಾಜ್ ಕಾರ್ಖಾನೆಯಿಂದಲೂ, ತರುವಾಯ ಬಾರಾಮತಿಯಲ್ಲಿ ಪಿಯಾಜಿಯೊ ಸ್ಥಾಪಿಸಿದ ಕಾರ್ಖಾನೆಯಿಂದಲೂ ನಮ್ಮ ರಸ್ತೆಗಳಿಗೆ ಇಳಿದವು. ಹೀಗೆ ನಮ್ಮ ರಿಕ್ಷಾ ಜನ್ಮತಃ ಮೂರು ಗಾಲಿಯ ಮೋಟಾರು ಸೈಕಲ್ಲು. ಕಾರಿನಂತೆ ಅದಕ್ಕೆ ತಿರುಗುಚಕ್ರವಿಲ್ಲ. ಸ್ಕೂಟರಿನಂತೆ ಹ್ಯಾಂಡಲು ಇದೆ.

ಈ ವ್ಯತ್ಯಾಸ ಚಿಕ್ಕದಲ್ಲ. ಕಾರಿನಲ್ಲಿ ಚಾಲಕನ ಕೈಗೂ ಗಾಲಿಗೂ ನಡುವೆ ಹಲ್ಲಿನ ಚಕ್ರಗಳ ಪೆಟ್ಟಿಗೆ ಇರುತ್ತದೆ. ಕೈ ಬಹಳ ತಿರುಗಿದರೆ ಗಾಲಿ ಸ್ವಲ್ಪ ತಿರುಗುತ್ತದೆ. ರಿಕ್ಷಾದಲ್ಲಿ ಹ್ಯಾಂಡಲು ಎಷ್ಟು ತಿರುಗಿತೋ ಗಾಲಿಯೂ ಅಷ್ಟೇ ತಿರುಗಬೇಕು. ಮೇಲಾಗಿ ಮುಂದಿನ ಗಾಲಿ ಒಂದೇ. ಅದು ದಾರಿ ತಪ್ಪಿದರೆ ಸಾವರಿಸಲು ಜೊತೆಗಾರ ಗಾಲಿಯಿಲ್ಲ. ಒಂಬತ್ತನೆಯ ತರಗತಿಯ ಮಕ್ಕಳು ಈ ಲೆಕ್ಕವನ್ನು ತಾವೇ ಮಾಡಬಲ್ಲರು. ಗಂಟೆಗೆ ೪೦ ಕಿ.ಮೀ. ವೇಗವೆಂದರೆ ಸೆಕೆಂಡಿಗೆ ಸುಮಾರು ೧೧ ಮೀಟರು. ವಾಹನದ ಮುಖ ಕೇವಲ ೨ ಡಿಗ್ರಿ ಓರೆಯಾದರೆ, ಆ ಒಂದು ಸೆಕೆಂಡಿನಲ್ಲಿ ಅದು ಸುಮಾರು ೩೮ ಸೆಂ.ಮೀ. ಪಕ್ಕಕ್ಕೆ ಸರಿಯುತ್ತದೆ. ಎದುರಿನಿಂದ ಕಬ್ಬಿನ ಟ್ರಾಲಿ ಬರುತ್ತಿರುವಾಗ ಈ ೩೮ ಸೆಂಟಿಮೀಟರಿನ ಬೆಲೆ ಎಷ್ಟೆಂಬುದನ್ನು ನಾವು ಬಿಡಿಸಿ ಹೇಳಬೇಕಾಗಿಲ್ಲ.

ಇನ್ನು ಸಡಿಲು ಎಂದರೇನು? ಗ್ಯಾರೇಜಿನವರು ಇದನ್ನು ‘ಪ್ಲೇ’ ಎನ್ನುತ್ತಾರೆ. ಕೈ ಚಲಿಸಿಯೂ ಗಾಲಿ ಚಲಿಸದೆ ಉಳಿಯುವ ಅಥವಾ ಕೈ ಸ್ಥಿರವಾಗಿದ್ದೂ ಗಾಲಿ ತಾನೇ ಅಲುಗುವ ಅವಕಾಶವೇ ಸಡಿಲು. ಹ್ಯಾಂಡಲಿನಿಂದ ನೆಲದವರೆಗೆ ಎಲ್ಲೆಲ್ಲಿ ಎರಡು ಭಾಗಗಳು ಕೂಡುತ್ತವೆಯೋ ಅಲ್ಲೆಲ್ಲ ಅದು ಮನೆಮಾಡಬಹುದು. ಮೇಲಿನಿಂದ ಕೆಳಗೆ ಎಣಿಸಿದರೆ: ಹ್ಯಾಂಡಲನ್ನು ಫೋರ್ಕಿಗೆ ಬಿಗಿದ ಬೋಲ್ಟು, ಫೋರ್ಕು ತಿರುಗಲು ಮೇಲೆ-ಕೆಳಗೆ ಇರುವ ಬೇರಿಂಗುಗಳು, ಅಂದರೆ ನಮ್ಮವರು ಹೇಳುವ ಕೋನ್ ಸೆಟ್, ಗಾಲಿಯನ್ನು ಹಿಡಿದ ತೋಳಿನ ಬುಶ್ಶು, ಗಾಲಿಯ ನಡುವಿನ ಬೇರಿಂಗು, ಕೊನೆಗೆ ರಿಮ್ಮು ಮತ್ತು ಟೈರು.

ವೈದ್ಯರು ಔಷಧಕ್ಕೆ ಮೊದಲು ರೋಗಲಕ್ಷಣ ಕೇಳುತ್ತಾರೆ. ಇಲ್ಲಿಯೂ ಹಾಗೆಯೇ ಆರಂಭಿಸಬೇಕು. ಕೈ ಮೊದಲು ತಿರುಗಿ ಗಾಲಿ ತಡವಾಗಿ ತಿರುಗಿದರೆ ಸಂಶಯ ಹ್ಯಾಂಡಲಿನ ಬೋಲ್ಟಿನ ಮೇಲೆ. ಗುಂಡಿಗೆ ಇಳಿದಾಗ ಇಲ್ಲವೆ ಬ್ರೇಕು ಒತ್ತಿದಾಗ ‘ಟಕ್’ ಎಂಬ ಸಪ್ಪಳ ಅಂಗೈಗೆ ತಗುಲಿದರೆ ಕೋನ್ ಸೆಟ್ಟನ್ನೂ ತೋಳಿನ ಬುಶ್ಶನ್ನೂ ನೋಡಬೇಕು. ನಿರ್ದಿಷ್ಟ ವೇಗಕ್ಕೆ ಬಂದಾಗ ಮಾತ್ರ ಹ್ಯಾಂಡಲು ಥರಥರ ನಡುಗಿದರೆ ಟೈರು, ರಿಮ್ಮು, ಗಾಲಿಯ ಬೇರಿಂಗುಗಳನ್ನು ಮೊದಲು ಪರೀಕ್ಷಿಸಬೇಕು. ವಾಹನ ಒಂದೇ ಬದಿಗೆ ಎಳೆಯುತ್ತಿದ್ದರೆ ಅದು ಸಡಿಲೇ ಆಗಬೇಕೆಂದಿಲ್ಲ. ಹಿಂದಿನ ಒಂದು ಗಾಲಿಯಲ್ಲಿ ಗಾಳಿ ಕಡಿಮೆಯಿರಬಹುದು ಅಥವಾ ಒಂದು ಬ್ರೇಕು ಹಿಡಿದುಕೊಂಡಿರಬಹುದು. ಹೀಗಾಗಿ ಪಾನಾ ಕೈಗೆತ್ತಿಕೊಳ್ಳುವ ಮುನ್ನ ಮೂರೂ ಗಾಲಿಗಳ ಗಾಳಿಯನ್ನು ಸರಿಪಡಿಸುವುದು ಮೊದಲ ಕರ್ತವ್ಯ.

ಬಳಿಕ ಪರೀಕ್ಷೆ. ವಾಹನವನ್ನು ಸಮತಟ್ಟಾದ ನೆಲದಲ್ಲಿ ನಿಲ್ಲಿಸಿ, ಮುಂದಿನ ಗಾಲಿಯನ್ನು ನೇರವಾಗಿಡಿ. ಒಬ್ಬರು ಗಾಲಿಯನ್ನು ಮೊಳಕಾಲುಗಳ ನಡುವೆ ಬಿಗಿಹಿಡಿಯಲಿ, ಇನ್ನೊಬ್ಬರು ಹ್ಯಾಂಡಲನ್ನು ಎಡಬಲಕ್ಕೆ ಮೆಲ್ಲಗೆ ಆಡಿಸಲಿ. ಹಿಡಿಕೆ ನಡುವಿನಿಂದ ಸುಮಾರು ಒಂದು ಅಡಿ ದೂರವಿರುತ್ತದೆಂದು ಇಟ್ಟುಕೊಂಡರೆ, ಹಿಡಿಕೆಯ ಬಳಿ ಒಂದು ಸೆಂಟಿಮೀಟರು ವ್ಯರ್ಥ ಚಲನೆಯೆಂದರೆ ಸುಮಾರು ೨ ಡಿಗ್ರಿ ಸಡಿಲು.

ಎರಡನೆಯ ಹಂತದಲ್ಲಿ ಹಿಂದಿನ ಗಾಲಿಗಳಿಗೆ ಕಲ್ಲು ಕೊಟ್ಟು, ಚಾಸಿಯ ಕೆಳಗೆ ಜ್ಯಾಕ್ ಇಟ್ಟು, ಮುಂದಿನ ಗಾಲಿಯನ್ನು ನೆಲದಿಂದ ಎತ್ತಬೇಕು. ಫೋರ್ಕಿನ ಕೆಳತುದಿಯನ್ನು ಹಿಡಿದು ಹಿಂದೆ-ಮುಂದೆ ನೂಕಿ ಎಳೆಯಿರಿ. ಜೊತೆಗಾರನು ಫೋರ್ಕು ಚಾಸಿಯನ್ನು ಸೇರುವೆಡೆಯಲ್ಲಿ ಬೆರಳಿಟ್ಟಿರಲಿ. ಅಲ್ಲಿ ಮಿಡಿತ ಸಿಕ್ಕರೆ ಕೋನ್ ಸೆಟ್ ಸಡಿಲಾಗಿದೆ. ಮೂರನೆಯದಾಗಿ, ಗಾಲಿಯನ್ನು ಮೇಲೆ-ಕೆಳಗೆ ಹಿಡಿದು ಅಲುಗಿಸಿ. ಫೋರ್ಕು ನಿಶ್ಚಲವಾಗಿದ್ದು ತೋಳು ಅಲುಗಿದರೆ ಬುಶ್ಶು ಸವೆದಿದೆ. ತೋಳೂ ನಿಶ್ಚಲವಾಗಿದ್ದು ಗಾಲಿ ಮಾತ್ರ ಅಲುಗಿದರೆ ದೋಷ ಗಾಲಿಯ ಬೇರಿಂಗಿನಲ್ಲಿ ಅಥವಾ ಆಕ್ಸಲಿನ ನಟ್ಟಿನಲ್ಲಿ. ಯಾವ ಭಾಗ ಅಲುಗಿತು ಎಂಬುದಕ್ಕಿಂತ ಯಾವ ಭಾಗದವರೆಗೆ ಅಲುಗಲಿಲ್ಲ ಎಂಬುದನ್ನು ಗುರುತಿಸುವುದೇ ಇಲ್ಲಿಯ ಜಾಣತನ.

ನಾಲ್ಕನೆಯ ಪರೀಕ್ಷೆಯನ್ನು ಬಹಳ ಮಂದಿ ಬಿಟ್ಟುಬಿಡುತ್ತಾರೆ. ಗಾಲಿ ಮೇಲಿರುವಾಗಲೇ ಹ್ಯಾಂಡಲನ್ನು ಒಂದೇ ಬೆರಳಿನಿಂದ ಎಡತುದಿಯಿಂದ ಬಲತುದಿಯವರೆಗೆ ತಿರುಗಿಸಿ. ನಡುವೆ, ನೇರವಾಗಿರುವ ಜಾಗದಲ್ಲಿ, ಕಚ್ಚಿ ನಿಂತಂತಾದರೆ ಬೇರಿಂಗಿನ ಬಟ್ಟಲಿನಲ್ಲಿ ಗುಂಡುಗಳು ಕುಳಿ ಬೀಳಿಸಿವೆ ಎಂದರ್ಥ. ಅಂಥ ಕೋನ್ ಸೆಟ್ಟಿನ ನಟ್ಟನ್ನು ಬಿಗಿದರೆ ರೋಗ ಮುಚ್ಚಿಹೋಗುತ್ತದೆ, ಗುಣವಾಗುವುದಿಲ್ಲ. ಅದನ್ನು ಬದಲಿಸಲೇಬೇಕು. ಅತಿಯಾಗಿ ಬಿಗಿದ ಹ್ಯಾಂಡಲು ಸಡಿಲಾದ ಹ್ಯಾಂಡಲಿನಷ್ಟೇ ಅಪಾಯಕಾರಿ. ತಿರುವಿನ ಬಳಿಕ ಅದು ತಾನಾಗಿ ನೇರಕ್ಕೆ ಮರಳದು, ವಾಹನ ಹಾವಿನಂತೆ ಓಲಾಡುತ್ತದೆ. ಸರಿಯಾಗಿ ಬಿಗಿದ ಹ್ಯಾಂಡಲಿನಲ್ಲಿ ಅಲುಗಾಟವೂ ಇರದು, ಬಿಗುವೂ ಇರದು. ಬಿಗಿದ ನಂತರ ಮೇಲಿನ ಚೆಕ್ ನಟ್ ಭದ್ರಪಡಿಸಿ ಮತ್ತೊಮ್ಮೆ ತಿರುಗಿಸಿ ನೋಡಬೇಕು; ಚೆಕ್ ನಟ್ ಬಿಗಿಯುವಾಗ ಒಳಗಿನ ನಟ್ಟೂ ಕದಲುವುದುಂಟು.

ನಮ್ಮ ಭಾಗದಲ್ಲಿ ಈ ದೋಷ ಬೇಗ ಬರುವುದಕ್ಕೆ ಕಾರಣಗಳಿವೆ. ಕಬ್ಬಿನ ಹಂಗಾಮಿನಲ್ಲಿ ಭಾರದ ಟ್ರಾಲಿಗಳಿಂದ ರಸ್ತೆಯ ಅಂಚು ಮುರಿಯುತ್ತದೆ. ಮಳೆಗಾಲದಲ್ಲಿ ಗುಂಡಿ ನೀರಿನಡಿ ಅಡಗುತ್ತದೆ. ೨೦೧೯ರ ಆಗಸ್ಟ್ ಹಾಗೂ ೨೦೨೧ರ ಜುಲೈ ತಿಂಗಳ ಪಂಚಗಂಗೆಯ ಮಹಾಪೂರವನ್ನು ನಾವಾರೂ ಮರೆತಿಲ್ಲ. ಶಿರೋಳಿಯ ಬಳಿ ಹೆದ್ದಾರಿಯೇ ಮುಳುಗಿತ್ತು. ನೀರಿನಲ್ಲಿ ನಿಂತ ವಾಹನದ ಎಂಜಿನನ್ನು ಎಲ್ಲರೂ ಬಿಚ್ಚಿಸುತ್ತಾರೆ, ಬೇರಿಂಗಿನ ಗ್ರೀಸು ತೊಳೆದುಹೋಗಿ ತುಕ್ಕು ಹಿಡಿದದ್ದನ್ನು ನೋಡುವವರು ಕಡಿಮೆ. ನೀರು ಹೊಕ್ಕ ವಾಹನಕ್ಕೆ ಹೊಸ ಗ್ರೀಸು ತುಂಬಿಸುವುದು ಕಡ್ಡಾಯವೆಂದೇ ತಿಳಿಯಬೇಕು.

ಕಾನೂನಿನ ಮಾತನ್ನೂ ಹೇಳೋಣ. ಕೇಂದ್ರ ಮೋಟಾರು ವಾಹನ ನಿಯಮಾವಳಿ, ೧೯೮೯ರ ೯೮ನೆಯ ನಿಯಮವು ಸ್ಟಿಯರಿಂಗ್ ಸುಸ್ಥಿತಿಯಲ್ಲಿರಬೇಕು, ತಿರುಗುಚಕ್ರದಲ್ಲಿ ಸಡಿಲು ೩೦ ಡಿಗ್ರಿ ಮೀರಬಾರದು ಎನ್ನುತ್ತದೆ. ಆ ೩೦ ಡಿಗ್ರಿ ತಿರುಗುಚಕ್ರದ ಲೆಕ್ಕ. ಹ್ಯಾಂಡಲು ನೇರವಾಗಿ ಗಾಲಿಯನ್ನು ತಿರುಗಿಸುವ ರಿಕ್ಷಾದಲ್ಲಿ ಅಷ್ಟು ಸಡಿಲನ್ನು ಕಲ್ಪಿಸುವುದೂ ಸಲ್ಲ. ಫಿಟ್ನೆಸ್ ಪ್ರಮಾಣಪತ್ರ ಪರೀಕ್ಷೆಯಾದ ದಿನದ ಸ್ಥಿತಿಗೆ ಸಾಕ್ಷಿ. ನಾಳಿನ ಗುಂಡಿಗೆ ಅದು ಹೊಣೆಯಲ್ಲ.

ಪಾಲಕರಲ್ಲಿ ನಮ್ಮ ವಿನಂತಿ ಇಷ್ಟು. ದೋಷವೆಲ್ಲ ಚಾಲಕನದೆಂದು ಬೆರಳು ತೋರಬೇಡಿ. ತಿಂಗಳಿಗೆ ನೂರು ರೂಪಾಯಿ ಉಳಿಯಲೆಂದು ಒಂದೇ ರಿಕ್ಷಾದಲ್ಲಿ ಹತ್ತು ಮಕ್ಕಳನ್ನು ಕೂರಿಸಲು ಒಪ್ಪುವವರು ನಾವೇ ಅಲ್ಲವೇ? ಮಗುವನ್ನು ಚಾಲಕನ ಪಕ್ಕದಲ್ಲಿ ಕೂರಿಸಿದರೆ ಹ್ಯಾಂಡಲು ತಿರುಗುವ ಜಾಗವೇ ಇಕ್ಕಟ್ಟಾಗುತ್ತದೆ. ಹ್ಯಾಂಡಲಿಗೆ ದಪ್ತರ ತೂಗುಹಾಕಿದರೆ ಅದು ಒಂದು ಬದಿಗೆ ಜಗ್ಗುತ್ತದೆ. ರಿಪೇರಿಗೆ ಒಂದು ದಿನ ಬೇಕೆಂದು ರಿಕ್ಷಾ ಕಾಕಾ ಕೇಳಿದಾಗ, ಆ ದಿನದ ಬಾಡಿಗೆಯನ್ನು ಕಡಿತ ಮಾಡಬೇಡಿ. ಆ ಒಂದು ದಿನವೇ ನಮ್ಮ ಮಕ್ಕಳಿಗೆ ಆತ ಮಾಡುವ ಉಪಕಾರ.

ಚಾಲಕ ಬಾಂಧವರೇ, ನಿಮ್ಮಲ್ಲಿ ಹಲವರು ಇದೇ ಶಾಲೆಯಲ್ಲಿ ಸನ್ನೆ, ಘರ್ಷಣೆ, ಜಡತ್ವಗಳ ಪಾಠವನ್ನು ಕನ್ನಡದಲ್ಲಿ ಓದಿದವರು. ಗ್ಯಾರೇಜಿನಲ್ಲಿ ಮರಾಠಿ ಮಾತನಾಡುತ್ತೀರಿ, ಬಿಡಿಭಾಗಗಳ ಹೆಸರನ್ನು ಇಂಗ್ಲಿಷಿನಲ್ಲಿ ಹೇಳುತ್ತೀರಿ. ಅದರಲ್ಲಿ ತಪ್ಪೇನೂ ಇಲ್ಲ. ಆದರೆ ‘ಏಕೆ ಹೀಗಾಯಿತು’ ಎಂಬ ಪ್ರಶ್ನೆಯನ್ನು ಕೇಳಲು ಕಲಿತದ್ದು ತಾಯ್ನುಡಿಯಲ್ಲಿ. ಕೊಲ್ಲಾಪುರದ ಶಿರೋಳಿ, ಗೋಕುಳ ಶಿರಗಾಂವ ಕಡೆಯ ಫೌಂಡ್ರಿಗಳಲ್ಲಿ ದುಡಿಯುವ ನಮ್ಮ ಮಾಜಿ ವಿದ್ಯಾರ್ಥಿಗಳಿಗೂ ಈ ಮಾತು ಅನ್ವಯಿಸುತ್ತದೆ. ಕೈಕೆಲಸದವನ ಬುದ್ಧಿಗೆ ಸಲ್ಲದ ಭಾಷೆ ಪುಸ್ತಕದಲ್ಲಿಯೂ ಬಹುಕಾಲ ಬಾಳದು.

ಶತಮಾನೋತ್ಸವದ ನೆನಪಿಗಾಗಿ ನಾವು ಒಂದು ಸಂಕಲ್ಪ ಮಾಡಿದ್ದೇವೆ. ಪ್ರತಿ ತಿಂಗಳ ಮೊದಲ ಶನಿವಾರ, ಶಾಲೆ ಬಿಟ್ಟ ಬಳಿಕ, ನಮ್ಮ ಮೈದಾನವನ್ನು ಮಕ್ಕಳ ರಿಕ್ಷಾಗಳ ತಪಾಸಣೆಗೆ ತೆರೆದಿಡುತ್ತೇವೆ. ಗ್ಯಾರೇಜು ನಡೆಸುವ ಮಾಜಿ ವಿದ್ಯಾರ್ಥಿಗಳು ಜ್ಯಾಕ್ ತರಲು ಒಪ್ಪಿದ್ದಾರೆ. ಗ್ರೀಸಿನ ಖರ್ಚನ್ನು ಶಾಲೆ ವಹಿಸುತ್ತದೆ. ತಪಾಸಣೆಯ ವಹಿಯನ್ನು ಒಂಬತ್ತನೆಯ ತರಗತಿಯ ಮಕ್ಕಳು ಕನ್ನಡದಲ್ಲಿ ಬರೆದಿಡುವರು. ದೋಷ ಕಂಡ ಚಾಲಕನ ಹೆಸರನ್ನು ಸಾರಲಾಗದು. ದೋಷ ಸರಿಯಾಗುವವರೆಗೆ ಆ ವಾಹನದ ಮಕ್ಕಳಿಗೆ ಬೇರೆ ವ್ಯವಸ್ಥೆ ಮಾಡಲಾಗುವುದು. ಬರುವ ಶನಿವಾರದಿಂದಲೇ ಇದು ಆರಂಭ. ಪಾಲಕರೂ ಬಿಡುವು ಮಾಡಿಕೊಂಡು ಬಂದು, ತಮ್ಮ ಮಗು ಕೂರುವ ರಿಕ್ಷಾದ ಗಾಲಿಯನ್ನು ಒಮ್ಮೆ ತಮ್ಮ ಕೈಯಾರೆ ಅಲುಗಿಸಿ ನೋಡಬೇಕೆಂದು ಕೋರಿ, ನಮ್ಮ ಮಾತಿಗೆ ವಿರಾಮ ಹೇಳುತ್ತೇವೆ.