ಲಗ್ಗೆಯೂ ಮುತ್ತಿಗೆಯೂ

ಚಲನಚಿತ್ರವೊಂದು ತೆರೆಗೆ ಬರುವ ಮುನ್ನ ಅದರ ಆಯ್ದ ತುಣುಕುಗಳನ್ನು ಪೋಣಿಸಿ ಜನರಿಗೆ ತೋರಿಸುವ ವಾಡಿಕೆಯುಂಟು. ಅದಕ್ಕೆ ಟ್ರೇಲರ್ ಎಂದು ಹೆಸರು. ಹಿಂದಿನಿಂದ ಬರುವುದು ಎಂಬುದು ಆ ಶಬ್ದದ ಅರ್ಥ. ಮೊದಮೊದಲು ಒಂದು ಚಿತ್ರ ಮುಗಿದ ಮೇಲೆ, ಬರಲಿರುವ ಇನ್ನೊಂದು ಚಿತ್ರದ ತುಣುಕನ್ನು ಬಾಲದಂತೆ ಅಂಟಿಸಿ ತೋರಿಸುತ್ತಿದ್ದರಾಗಿ ಆ ಹೆಸರು ಬಂತು. ಈಗ ಬಾಲವೇ ಮುಂದಾಗಿ ನಡೆಯುತ್ತಿದೆ. ಬಯಲಾಟಕ್ಕೆ ಮೊದಲು ಹಲಗೆ ಬಾರಿಸಿ ಊರಿಗೆ ಸಾರುವವನು ಇಡೀ ಪ್ರಸಂಗವನ್ನು ಹೇಳಬೇಕೆಂದು ಯಾರೂ ಅಪೇಕ್ಷಿಸುವುದಿಲ್ಲ. ಆದರೆ ಡಂಗುರವನ್ನು ಕೇಳಿದವರೆಲ್ಲ ಆಟವನ್ನೇ ನೋಡಿಬಂದವರಂತೆ ವಾದಿಸತೊಡಗಿದರೆ, ಆಗ ಡಂಗುರದ ಬಗೆಗೂ ನಾಲ್ಕು ಮಾತು ಆಡಬೇಕಾಗುತ್ತದೆ.

2025ರ ಜನವರಿಯಲ್ಲಿ 'ಛಾವಾ' ಎಂಬ ಹಿಂದಿ ಚಿತ್ರದ ಟ್ರೇಲರ್ ಹೊರಬಂತು. ಚಿತ್ರ ತೆರೆಕಂಡದ್ದು ಫೆಬ್ರುವರಿ 14ರಂದು. ಶಿವಾಜಿ ಮಹಾರಾಜರ ಮಗ ಸಂಭಾಜಿಯ ಕಥೆ ಅದು. 'ಮೃತ್ಯುಂಜಯ'ದ ಕರ್ತೃ ಶಿವಾಜಿ ಸಾವಂತರು 1979ರಲ್ಲಿ ಪ್ರಕಟಿಸಿದ ಅದೇ ಹೆಸರಿನ ಮರಾಠಿ ಕಾದಂಬರಿ ಅದಕ್ಕೆ ಆಧಾರ. ನಮ್ಮ ಠಾಣಾ ಕುಶನೂರ ಬೀದರ ಜಿಲ್ಲೆಯ ಗಡಿಯಂಚಿನ ಊರು. ಇಲ್ಲಿ ಕನ್ನಡ, ಮರಾಠಿ, ಉರ್ದು ಒಂದೇ ಕಟ್ಟೆಯ ಮೇಲೆ ಕುಳಿತು ಮಾತಾಡುತ್ತವೆ. ಹೀಗಾಗಿ ಉದಗೀರದ ಹುಡುಗರು ನೋಡಿದ್ದನ್ನು ಕುಶನೂರದ ಹುಡುಗರು ಅದೇ ದಿನ ನೋಡುತ್ತಾರೆ. ಅವರ ಮೊಬೈಲಿನಲ್ಲಿ ನಾನೂ ನೋಡಿದೆ. ಈ ಮಾತುಗಳು ಚಿತ್ರದ ವಿಮರ್ಶೆಯಲ್ಲ. ಮೂರು ನಿಮಿಷದ ಆ ತುಣುಕು ಮೊದಲ ನೋಟಕ್ಕೆ ಮನಸ್ಸಿನಲ್ಲಿ ಉಳಿಸಿದ ಅಭಿಪ್ರಾಯ ಮಾತ್ರ.

ಅದರ ಗುಣವನ್ನು ಮೊದಲು ಹೇಳುವುದು ನ್ಯಾಯ. ಯುದ್ಧವೆಂದರೆ ಭಯಂಕರ ಎಂಬುದನ್ನು ಅದು ಮರೆಮಾಚುವುದಿಲ್ಲ. ಕುದುರೆಗಳು ನುಗ್ಗುತ್ತವೆ, ಬೆಂಕಿ ಏಳುತ್ತದೆ, ಮನುಷ್ಯರು ಬೀಳುತ್ತಾರೆ. ಇವೆಲ್ಲದರ ನಡುವೆ ವೃದ್ಧ ಔರಂಗಜೇಬನಾಗಿ ಅಕ್ಷಯ್ ಖನ್ನಾ ಅವರ ಮುಖ ಒಂದೆರಡು ಸಲ ತೋರಿ ಮಾಯವಾಗುತ್ತದೆ. ದಣಿದ, ಆದರೆ ಬಿಡಲೊಲ್ಲದ ಆ ಕಣ್ಣುಗಳು ನೂರು ಕತ್ತಿಗಳಿಗಿಂತ ಹೆಚ್ಚು ಹೇಳುತ್ತವೆ. ಯೇಸೂಬಾಯಿಯ ಪಾತ್ರದಲ್ಲಿ ನಮ್ಮ ಕೊಡಗಿನ ರಶ್ಮಿಕಾ ಮಂದಣ್ಣ ಇರುವುದು ಕನ್ನಡಿಗರಿಗೆ ಒಂದು ಹೆಚ್ಚಿನ ಕುತೂಹಲ.

ಇಷ್ಟಾದ ಮೇಲೆ, ಬಾನುಲಿಯ ಹಳೆಯ ಕೇಳುಗನಾದ ನಾನು ಇನ್ನೊಂದು ಪ್ರಯೋಗ ಮಾಡಿದೆ. ಕಣ್ಣು ಮುಚ್ಚಿ ಅದನ್ನು ಕೇಳಿದೆ. ನಗಾರಿ, ಕತ್ತಿಯ ಖಣಖಣ, ಸಿಂಹದ ಘರ್ಜನೆ, ಜಯಘೋಷ. ಕೇಳದೇ ಹೋದದ್ದು ಯಾವುದೆಂದು ಯೋಚಿಸಿದರೆ, ಗುದ್ದಲಿಯ ಸದ್ದು. ಕಲ್ಲುಬುಟ್ಟಿ ಬರಿದುಮಾಡುವ ಸದ್ದು. ಬಾವಿಯ ರಾಟೆಯ ಸದ್ದು. ಇವಿಲ್ಲದ ಕೋಟೆಯ ಕಾಳಗವನ್ನು ನಮ್ಮ ನೆಲ ಎಂದೂ ಕಂಡಿಲ್ಲ.

ಕನ್ನಡದಲ್ಲಿ ಇದಕ್ಕೆ ಎರಡು ಬೇರೆ ಬೇರೆ ಮಾತುಗಳಿವೆ. ಒಂದು ಲಗ್ಗೆ, ಇನ್ನೊಂದು ಮುತ್ತಿಗೆ. ಲಗ್ಗೆಯೆಂದರೆ ಏರಿ ನುಗ್ಗುವುದು. ಅದು ಗಳಿಗೆಯ ಮಾತು. ಮುತ್ತಿಗೆಯಾದರೋ 'ಮುತ್ತು' ಎಂಬ ಕ್ರಿಯೆಯಿಂದ ಬಂದದ್ದು. ಬೆಲ್ಲಕ್ಕೆ ಇರುವೆ ಮುತ್ತುತ್ತದೆ, ಗಾಯಕ್ಕೆ ನೊಣ ಮುತ್ತುತ್ತದೆ. ಸುತ್ತುಗಟ್ಟಿ, ಬಿಡದೆ, ದಿನಗಟ್ಟಲೆ ಕುಳಿತುಕೊಳ್ಳುವುದು ಮುತ್ತಿಗೆ. ಲಗ್ಗೆಗೆ ಬೇಕಾದದ್ದು ಧೈರ್ಯ. ಮುತ್ತಿಗೆಗೆ ಬೇಕಾದದ್ದು ಕಾಲ. ಟ್ರೇಲರಿಗೆ ಇರುವುದು ಮೂರೇ ನಿಮಿಷವಾದ್ದರಿಂದ ಅದು ಲಗ್ಗೆಯನ್ನು ತೋರಿಸಬಲ್ಲದು, ಮುತ್ತಿಗೆಯನ್ನು ತೋರಿಸಲಾರದು. ಚಿತ್ರದ ಮೊದಲ ಕಾಳಗ 1681ರ ಬುರ್ಹಾನಪುರದ ಮೇಲಿನ ದಾಳಿ. ಚರಿತ್ರೆಯಲ್ಲಿ ಅದು ಲಗ್ಗೆಯೂ ಅಲ್ಲ, ಮುತ್ತಿಗೆಯೂ ಅಲ್ಲ, ಕೊಳ್ಳೆ. ಮರಾಠರು ನಗರದ ಹೊರಪೇಟೆಗಳನ್ನು ಮೂರು ದಿನ ಸೂರೆಮಾಡಿ ಹಿಂದಿರುಗಿದರು.

ಹಾಗಾದರೆ ನಿಜವಾದ ಮುತ್ತಿಗೆ ಹೇಗಿರುತ್ತದೆ? ಅದಕ್ಕಾಗಿ ದೂರ ಹೋಗಬೇಕಾಗಿಲ್ಲ. ಚಿತ್ರದಲ್ಲಿ ವೃದ್ಧನಾಗಿ ಕಾಣುವ ಅದೇ ಔರಂಗಜೇಬ, 38 ವರ್ಷದ ರಾಜಕುಮಾರನಾಗಿ, ದಖ್ಖನ್ನಿನ ಸುಬೇದಾರನಾಗಿ, ನಮ್ಮ ಬೀದರ ಕೋಟೆಯ ಮುಂದೆ ಡೇರೆ ಹೊಡೆದಿದ್ದನು.

ಬೀದರ ಕೋಟೆ ಬಹಮನಿ ಸುಲ್ತಾನ ಅಹಮದ್ ಶಾಹ ವಲಿಯ ಕಾಲದ್ದು, ಪೂರ್ಣಗೊಂಡದ್ದು 1432ರಲ್ಲಿ. ಬರೀದಶಾಹಿಗಳ ತರುವಾಯ 1619ರಲ್ಲಿ ಅದು ಬಿಜಾಪುರದ ಆದಿಲಶಾಹಿಗೆ ಸೇರಿತು. 1656ರಲ್ಲಿ ಮುಹಮ್ಮದ್ ಆದಿಲಶಾಹ ತೀರಿಕೊಂಡು ಎಳೆಯ ಸುಲ್ತಾನ ಪಟ್ಟಕ್ಕೆ ಬಂದದ್ದೇ ಮೊಘಲರಿಗೆ ನೆಪವಾಯಿತು. ಔರಂಗಜೇಬನೂ ಮೀರ್ ಜುಮ್ಲಾನೂ ದಂಡೆತ್ತಿ ಬಂದರು. ಒಳಗೆ ಕಿಲ್ಲೇದಾರನಾಗಿದ್ದವನು ಸಿದ್ದಿ ಮರ್ಜಾನ್. ಆಫ್ರಿಕದ ಮೂಲದಿಂದ ಬಂದು ದಖ್ಖನ್ನಿನಲ್ಲಿ ನೆಲೆಸಿ, ಸೇನಾಪತಿಗಳೂ ಮಂತ್ರಿಗಳೂ ಆದ ಸಿದ್ದಿಗಳ ಪೈಕಿ ಒಬ್ಬ. ಬೀದರದ ಹೊರಗೆ ಹಬಶಿ ಕೋಟ್ ಎಂಬ ದಿಣ್ಣೆಯ ಹೆಸರೇ ಆ ಜನರ ನೆನಪನ್ನು ಇಂದಿಗೂ ಹೊತ್ತಿದೆ.

ಮುತ್ತಿಗೆ ಆರಂಭವಾದದ್ದು 1657ರ ಮಾರ್ಚ್ 2ರಂದು. ಪಾರಸಿ ದಾಖಲೆಗಳಿಂದ ಇತಿಹಾಸಕಾರ ಜದುನಾಥ ಸರ್ಕಾರರು ಆಯ್ದು ಕೊಟ್ಟಿರುವ ವಿವರ ಹೀಗಿದೆ. ಕೋಟೆಯ ಸುತ್ತ ಬಂಡೆಯಲ್ಲಿ ಕೊರೆದ ಮೂರು ಕಂದಕಗಳು. ಒಂದೊಂದೂ 25 ಗಜ ಅಗಲ, 15 ಗಜ ಆಳ. ಮೊಘಲರು ಎರಡು ದಿನಗಳಲ್ಲಿ ತಗ್ಗು ತೋಡುತ್ತ ಕಂದಕದ ಅಂಚಿಗೆ ಬಂದರು. ಆಮೇಲೆ ಅದನ್ನು ತುಂಬುವ ಕೆಲಸ. ಮರ್ಜಾನ್ ಮತ್ತೆ ಮತ್ತೆ ಹೊರಬಿದ್ದು ತುಂಬುವವರ ಮೇಲೆ ಬೀಳುತ್ತಿದ್ದ. ತೋಪುಗಳು ಎರಡು ಕೊತ್ತಳಗಳನ್ನೂ ತೆನೆಗಳನ್ನೂ ಕೆಡವಿದವು. ಮಾರ್ಚ್ 29ರಂದು ಲಗ್ಗೆ. ಕೊತ್ತಳದ ಹಿಂದೆ ಕೂಡಿಟ್ಟಿದ್ದ ಮದ್ದಿನ ರಾಶಿಗೆ ಬೆಂಕಿಯ ಬಾಣವೊಂದರ ಕಿಡಿ ತಗುಲಿತು. ಮದ್ದು ಸಿಡಿದು ಸಿದ್ದಿ ಮರ್ಜಾನ್ ತನ್ನ ಇಬ್ಬರು ಮಕ್ಕಳೊಡನೆ ಮಾರಣಾಂತಿಕವಾಗಿ ಗಾಯಗೊಂಡ. ಸಾಯುವ ಮುನ್ನ ಮಿಕ್ಕ ಮಕ್ಕಳ ಕೈಯಲ್ಲಿ ಕೋಟೆಯ ಕೀಲಿಕೈ ಕಳುಹಿಸಿಕೊಟ್ಟ. ಇಪ್ಪತ್ತೇಳು ದಿನದ ಕಥೆ ಅಲ್ಲಿಗೆ ಮುಗಿಯಿತು. ಬೀದರಕ್ಕೆ ಜಫರಾಬಾದ್, ವಿಜಯದ ಊರು, ಎಂದು ಹೆಸರಾಯಿತು.

ಇದರಲ್ಲಿ ಶೌರ್ಯವಿಲ್ಲವೆ? ಧಾರಾಳವಾಗಿದೆ. ಆದರೆ ಕೋಟೆ ಬಿದ್ದದ್ದು ಒಬ್ಬ ವೀರನ ನೆಗೆತದಿಂದಲ್ಲ. ಇಪ್ಪತ್ತಾರು ದಿನ ಮಣ್ಣು ಹೊತ್ತವರ ಬೆನ್ನಿನಿಂದ, ಇಪ್ಪತ್ತೇಳನೆಯ ದಿನದ ಒಂದು ಕಿಡಿಯಿಂದ. ಮೊಘಲ ಸೈನ್ಯದಲ್ಲಿ ಈ ಮಣ್ಣಿನ ಕೆಲಸದವರಿಗೆ ಬೇಲ್ದಾರರೆಂದು ಹೆಸರು. ನಮ್ಮ ಕಡೆ ಕಟ್ಟಡ ಕಟ್ಟುವವರಿಗೆ ಈ ಹೆಸರು ಈಗಲೂ ಇದೆ. ಕತ್ತಿ ಹಿಡಿದವನ ಹೆಸರನ್ನು ಚರಿತ್ರೆ ಬರೆದುಕೊಂಡಿತು. ಕಂದಕ ತುಂಬುವಾಗ ಗುಂಡು ತಗುಲಿ ಅದೇ ಕಂದಕದಲ್ಲಿ ಬಿದ್ದ ಬೇಲ್ದಾರನ ಹೆಸರನ್ನು ಬರೆಯಲಿಲ್ಲ.

ಬೀದರದ ಬಳಿಕ ಕಲ್ಯಾಣ. ಇಂದಿನ ಬಸವಕಲ್ಯಾಣದ ಕೋಟೆಯನ್ನು ಅದೇ ವರ್ಷ ಮೇ ಮೊದಲ ವಾರದಲ್ಲಿ ಮುತ್ತಿದರು. ಇಲ್ಲಿಯೂ ಕಿಲ್ಲೇದಾರ ಹಬಶಿಯೇ, ದಿಲಾವರ್ ಎಂಬವನು. ಮೊಘಲರು ಮುಳ್ಳುಕಂಟಿ ಸೌದೆಗಳಿಂದ ಕಂದಕವನ್ನು ತುಂಬಿದರೆ, ಒಳಗಿನವರು ಉರಿಯುವ ಹುಲ್ಲನ್ನೂ ಎಣ್ಣೆಯನ್ನೂ ಎಸೆದು ಅದನ್ನೆಲ್ಲ ಸುಟ್ಟರು. ಮತ್ತೆ ಮೊದಲಿನಿಂದ, ಈ ಸಲ ಕಲ್ಲು ಮಣ್ಣಿನಿಂದ, ತುಂಬಬೇಕಾಯಿತು. ಬೇಸಗೆ ಕಳೆದು ಮಳೆಗಾಲ ಬಂತು. ಆಗಸ್ಟ್ 1ರಂದು ದಿಲಾವರ್ ಕೋಟೆ ಬಿಟ್ಟುಕೊಟ್ಟು, ಒಪ್ಪಂದದಂತೆ ಹೆಂಡಿರು ಮಕ್ಕಳೊಡನೆ ಬಿಜಾಪುರದ ದಾರಿ ಹಿಡಿದ. ಸುಮಾರು ಮೂರು ತಿಂಗಳು! ಇದನ್ನು ಮೂರು ನಿಮಿಷಕ್ಕೆ ಇಳಿಸಿದರೆ ಉಳಿಯುವುದೇನು?

ಕೋಟೆಯ ಒಳಗೂ ಹೊರಗೂ ಇಲ್ಲದ ಮೂರನೆಯ ಜನವೊಂದಿದೆ. ಮಾರ್ಚ್ ತಿಂಗಳೆಂದರೆ ನಮ್ಮ ಎರೆಭೂಮಿಯಲ್ಲಿ ಹಿಂಗಾರಿ ಜೋಳದ ರಾಶಿಯ ಕಾಲ. ಸಾವಿರಾರು ಕುದುರೆಗಳೂ ಎತ್ತುಗಳೂ ಬೀದರದ ಬಯಲಿಗೆ ಬಂದಿಳಿದವೆಂದರೆ ಅವು ತಿನ್ನುವ ಕಣಿಕೆ ಯಾರದು? ಕಣದಲ್ಲಿದ್ದ ಕಾಳು ಯಾರ ಪಾಲು? ಅದು ಸಾಲದೆಂಬಂತೆ, ಕಲ್ಯಾಣ ಮತ್ತು ಕಲಬುರಗಿಯವರೆಗಿನ ಸೀಮೆಯನ್ನು ಹಾಳುಗೆಡವಲು ಮಹಾಬತ್ ಖಾನನ ಕೈಕೆಳಗೆ ಕುದುರೆದಂಡೊಂದನ್ನು ಕಳುಹಿಸಲಾಯಿತು. ಬಿದ್ದ ಬೀದರ ಕೋಟೆಯಲ್ಲಿ ವಿಜೇತರಿಗೆ ಸಿಕ್ಕಿದ್ದು 12 ಲಕ್ಷ ರೂಪಾಯಿ ನಗದು, 8 ಲಕ್ಷ ಬೆಲೆಯ ಮದ್ದುಗುಂಡು ದವಸಧಾನ್ಯ, 230 ತೋಪುಗಳು. ಅಂದರೆ ಕೋಟೆಯ ಹಗೇವಿನಲ್ಲಿ ಕಾಳಿತ್ತು. ಕಾಳು ಇಲ್ಲದೆ ಹೋದದ್ದು ಕೋಟೆಯ ಹೊರಗಿನ ಹಳ್ಳಿಯಲ್ಲಿ. ಠಾಣೆ ಎಂಬ ಮಾತನ್ನೇ ಹೆಸರಿನ ತಲೆಯ ಮೇಲೆ ಹೊತ್ತ ಊರಿನವನು ನಾನು. ಠಾಣೆಯೆಂದರೆ ಕಾವಲಿನ ನೆಲೆ, ದಂಡು ಇಳಿಯುವ ಜಾಗ. ದಂಡು ಇಳಿದ ಜಾಗದಲ್ಲಿ ರಾಶಿ ಉಳಿಯುವುದಿಲ್ಲವೆಂಬುದು ಇಂಥ ಊರುಗಳಿಗೆ ಹೇಳಿಕೊಡಬೇಕಾದ ಪಾಠವಲ್ಲ.

ಚಲನಚಿತ್ರಕ್ಕೆ ಇದೆಲ್ಲ ಅಸಾಧ್ಯ ಎನ್ನುವವರಿಗೆ ನಾನು ಒನಕೆ ಓಬವ್ವನನ್ನು ತೋರಿಸುತ್ತೇನೆ. ಚಿತ್ರದುರ್ಗಕ್ಕೆ ಹೈದರಾಲಿಯ ಮುತ್ತಿಗೆ. ಕಾವಲುಗಾರ ಊಟಕ್ಕೆ ಮನೆಗೆ ಬಂದಿದ್ದಾನೆ. ಅವನಿಗೆ ನೀರು ತರಲು ಹೋದ ಹೆಂಡತಿಗೆ ಕಿಂಡಿಯಲ್ಲಿ ಶತ್ರುಗಳ ಸದ್ದು ಕೇಳುತ್ತದೆ. ಕೈಗೆ ಸಿಕ್ಕ ಆಯುಧ ಒನಕೆ. ಊಟ, ನೀರು, ಕುಟ್ಟುವ ಒನಕೆ: ಮುತ್ತಿಗೆಯ ಕಾಲದ ಒಂದು ಮನೆ ಪೂರ್ತಿ ಇದರಲ್ಲಿದೆ. 1972ರ 'ನಾಗರಹಾವು' ಚಿತ್ರದಲ್ಲಿ ಪುಟ್ಟಣ್ಣ ಕಣಗಾಲರು ಈ ಕಥೆಯನ್ನು ಒಂದು ಹಾಡಿನ ಅವಧಿಯಲ್ಲಿ ಹೇಳಿದರು. ಜಯಂತಿಯವರು ಅದನ್ನು ಬಾಳಿ ತೋರಿಸಿದರು. ಅವಧಿ ಚಿಕ್ಕದಾದದ್ದು ಅಲ್ಲಿ ತೊಡಕಾಗಲಿಲ್ಲ. ಆಯ್ಕೆ ಸರಿಯಾಗಿದ್ದರೆ ಅಲ್ಪ ಕಾಲವೂ ಸಾಕು. ದುರ್ಗ ಕೊನೆಗೆ 1779ರಲ್ಲಿ ಬಿತ್ತು. ಆದರೂ ಜನ ನೆನೆಯುವುದು ನೀರಿಗೆ ಹೋದ ಆ ಹೆಂಗಸನ್ನು.

ಇಷ್ಟೆಲ್ಲ ಹೇಳುವ ಅಗತ್ಯವೇನು, ಮನರಂಜನೆಯನ್ನು ಮನರಂಜನೆಯಾಗಿ ನೋಡಬಾರದೆ ಎಂದು ಕೇಳಬಹುದು. ನೋಡಬಹುದು. ಆದರೆ ಅದೇ ಟ್ರೇಲರಿನ ಒಂದು ಸಂಗತಿಯನ್ನು ಗಮನಿಸಿ. ಅದರಲ್ಲಿ ಸಂಭಾಜಿ ಲೇಜಿಮ್ ಹಿಡಿದು ಕುಣಿಯುವ ದೃಶ್ಯವಿತ್ತು. ಆಕ್ಷೇಪ ಎದ್ದಿತು, ನಿರ್ದೇಶಕ ಲಕ್ಷ್ಮಣ ಉತೇಕರರು ಚಿತ್ರದಿಂದ ಆ ದೃಶ್ಯವನ್ನು ತೆಗೆದರು. ಕೆಲವು ಕ್ಷಣಗಳ ಕುಣಿತ ಚರಿತ್ರೆಗೆ ಒಪ್ಪುವುದೇ ಎಂದು ನಾಡೆಲ್ಲ ಚರ್ಚಿಸಿತು. ಕಂದಕ ಯಾರು ತುಂಬಿದರೆಂದು ಯಾರೂ ಕೇಳಲಿಲ್ಲ. ಜನ ಮೂರು ನಿಮಿಷವನ್ನು ಚರಿತ್ರೆಯೆಂದೇ ನಂಬುತ್ತಾರೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಹೀಗೆ ನಂಬಿದ ಹುಡುಗ ಟ್ರೇಲರ್ ಮುಗಿಯುವಷ್ಟರಲ್ಲಿ ಒಂದು ಪಕ್ಷ ಹಿಡಿದಿರುತ್ತಾನೆ. ನಾವು ಎಂದರೆ ಇವರು, ಅವರು ಎಂದರೆ ಅವರು. ನನ್ನ ಆತಂಕವಿರುವುದು ಇಲ್ಲಿ. ನಮ್ಮದೇ ಮುತ್ತಿಗೆಯನ್ನು ನೋಡಿ. ಮುತ್ತಿದ ಮೊಘಲ ದಂಡಿನಲ್ಲಿ ರಜಪೂತರಿದ್ದರು. ಕಾದವನು ಬಿಜಾಪುರದ ಸುಲ್ತಾನನ ಉಪ್ಪುಂಡ, ಆಫ್ರಿಕ ಮೂಲದ ಮುಸಲ್ಮಾನ. ಇದರಲ್ಲಿ ಕುಶನೂರದ ಒಕ್ಕಲಿಗ ಯಾವ ಪಕ್ಷ? ಅವನ ರಾಶಿಯನ್ನು ಇಬ್ಬರೂ ತಿಂದರು. ಮತದ ಗೆರೆಯಿಂದ ಈ ಕಾಳಗವನ್ನು ಎರಡು ಹೋಳು ಮಾಡಲು ಬರುವುದಿಲ್ಲ. ಮಾಡಹೊರಟರೆ ಗೆರೆಯೇ ವಕ್ರವಾಗುತ್ತದೆ. ನಾವು ಎಂದು ಈ ನೆಲದಲ್ಲಿ ಧೈರ್ಯವಾಗಿ ಹೇಳಬಹುದಾದದ್ದು ಆ ಮೂರನೆಯ ಜನವನ್ನು ಕುರಿತು ಮಾತ್ರ.

ಸಿದ್ದಿ ಮರ್ಜಾನನ ಇಪ್ಪತ್ತೇಳು ದಿನಗಳನ್ನು ಕುರಿತು ಕನ್ನಡದಲ್ಲಿ ಒಂದು ಒಳ್ಳೆಯ ಚಿತ್ರ ಬರಲಿ ಎಂದು ನನ್ನ ಆಸೆ. ಅದಕ್ಕೆ ಸಿಂಹ ಬೇಕಾಗಿಲ್ಲ. ಒಂದು ಕಂದಕ, ಒಂದು ಬಾವಿ, ಮಣ್ಣುಬುಟ್ಟಿಗಳು, ಮಕ್ಕಳಿರುವ ಒಬ್ಬ ತಂದೆ, ಹೊರಗೆ ರಾಶಿಯ ಕಣ. ಇಷ್ಟಿದ್ದರೆ ಸಾಕು, ಮಾಡಬಲ್ಲವರು ಮಾಡಿಯಾರು.

ಅಲ್ಲಿಯವರೆಗೆ ಉಪಾಧ್ಯಾಯರಲ್ಲಿಯೂ ತಂದೆತಾಯಿಗಳಲ್ಲಿಯೂ ಒಂದು ವಿನಂತಿ. ಮಕ್ಕಳು ಇಂಥ ಟ್ರೇಲರುಗಳನ್ನು ನೋಡಲಿ, ಬೇಡವೆನ್ನಬೇಡಿ. ಬೇಡವೆಂದರೆ ಕೇಳುವವರೂ ಅಲ್ಲ. ಆದರೆ ನೋಡಿದ ಮೇಲೆ ಅವರನ್ನು ಬೀದರ ಕೋಟೆಗೆ ಕರೆದುಕೊಂಡು ಹೋಗಿ, ಬಂಡೆಯಲ್ಲಿ ಕೊರೆದ ಆ ಕಂದಕದ ಅಂಚಿನಲ್ಲಿ ನಿಲ್ಲಿಸಿ. ಅದರ ಆಳವನ್ನು ಕಣ್ಣಿನಿಂದ ಅಳೆಯಲಿ. ನೌಬಾದಿನ ಬಳಿ ಬಹಮನಿಗಳು ನೆಲದೊಳಗೆ ಕೊರೆಸಿದ ನೀರಿನ ಸುರಂಗವಿದೆ, ಕರೇಜ್ ಎಂದು ಅದರ ಹೆಸರು, ಅದನ್ನೂ ತೋರಿಸಿ. ತೋರಿಸಿ ಮೂರು ಪ್ರಶ್ನೆ ಕೇಳಿ: ಇದನ್ನು ಕೊರೆದವರು ಯಾರು? ತುಂಬಹೋದವರು ಯಾರು? ಆ ವರ್ಷ ಸುತ್ತಲಿನ ಹಳ್ಳಿಗಳಲ್ಲಿ ಉಂಡವರು ಯಾರು? ಮಕ್ಕಳು ಉತ್ತರ ಹೇಳಬೇಕಾಗಿಲ್ಲ. ಪ್ರಶ್ನೆ ಒಮ್ಮೆ ಒಳಗೆ ಇಳಿದರೆ, ಮುಂದಿನ ಟ್ರೇಲರಿನ ನಗಾರಿಯ ನಡುವೆಯೂ ಅವರಿಗೆ ಗುದ್ದಲಿಯ ಸದ್ದು ಕೇಳಿಸುತ್ತದೆ.