ಹೊರನಾಡಿನ ಮಕ್ಕಳ ವಿದ್ಯಾಭ್ಯಾಸ: ಮನೆಯ ಮಾತು, ಶಾಲೆಯ ಮಾತು

(ಶ್ರೀಮಠದ ಸಭಾಮಂಟಪದಲ್ಲಿ ನೀಡಿದ ಉಪನ್ಯಾಸದ ಬರಹರೂಪ)

॥ ಶ್ರೀ ಗುರುಭ್ಯೋ ನಮಃ ॥



ಜೂನ್ ತಿಂಗಳ ನಡುವಿನಲ್ಲಿ ಮಹಾರಾಷ್ಟ್ರದ ಶಾಲೆಗಳು ಬಾಗಿಲು ತೆರೆಯುತ್ತವೆ. ಅದಕ್ಕೆ ಎಷ್ಟೋ ತಿಂಗಳು ಮೊದಲೇ ಥಾಣೆ, ಡೊಂಬಿವಲಿ, ಕಲ್ಯಾಣ, ನವಿಮುಂಬಯಿಗಳ ಮನೆಗಳಲ್ಲಿ ಪ್ರವೇಶದ ಅರ್ಜಿ ತುಂಬುವ ಕಾರ್ಯ ನಡೆದಿರುತ್ತದೆ. ಆ ಅರ್ಜಿಯಲ್ಲಿ ‘ಮಾತೃಭಾಷೆ’ ಎಂಬುದೊಂದು ಅಂಕಣವುಂಟು. ತಂದೆಯವರು ಕ್ಷಣವೂ ಯೋಚಿಸದೆ ಅಲ್ಲಿ ‘ಕನ್ನಡ’ ಎಂದು ಇಂಗ್ಲಿಷ್ ಅಕ್ಷರಗಳಲ್ಲಿ ಬರೆಯುತ್ತಾರೆ. ಅನಂತರ ಹತ್ತು ವರ್ಷಗಳ ಕಾಲ ಆ ಪದದ ಕಡೆಗೆ ಯಾರೂ ತಿರುಗಿ ನೋಡುವುದಿಲ್ಲ. ಹತ್ತನೆಯ ತರಗತಿ ಮುಗಿದು ಜೂನಿಯರ್ ಕಾಲೇಜಿನ ಪ್ರವೇಶದ ಗಡಿಬಿಡಿ ಆರಂಭವಾದಾಗ, ಭಾಷಾ ಅಲ್ಪಸಂಖ್ಯಾತರ ಸಂಸ್ಥೆಗಳಲ್ಲಿ ಅರ್ಧದಷ್ಟು ಸ್ಥಾನಗಳು ಆಯಾ ಭಾಷಿಕರಿಗೆ ಮೀಸಲು ಎಂಬುದು ನೆನಪಾಗುತ್ತದೆ. ಆಗ ಲೀವಿಂಗ್ ಸರ್ಟಿಫಿಕೇಟನ್ನು ಹೊರತೆಗೆದು ಆ ಪದ ಸರಿಯಾಗಿ ನಮೂದಾಗಿದೆಯೇ ಎಂದು ಮನೆಮಂದಿಯೆಲ್ಲ ನೋಡುತ್ತಾರೆ. ಸರ್ಟಿಫಿಕೇಟ್ ಹಿಡಿದು ನಿಂತ ಹುಡುಗನಿಗೆ ಆ ಭಾಷೆಯಲ್ಲಿ ತನ್ನ ಹೆಸರನ್ನು ಬರೆಯಲು ಬರುವುದೇ ಎಂಬ ಪ್ರಶ್ನೆ ಮಾತ್ರ ಏಳುವುದಿಲ್ಲ.

ಮಾತೃಭಾಷೆಯೆಂಬುದು ಈ ಊರುಗಳಲ್ಲಿ ಅಷ್ಟು ಸರಳವಾದ ವಿಷಯವೂ ಅಲ್ಲ. ಮಠಕ್ಕೆ ಬರುವ ಕುಟುಂಬಗಳನ್ನೇ ನೋಡಬಹುದು. ಶಿವಳ್ಳಿಯವರ ಮನೆಯಲ್ಲಿ ತುಳು, ಗೌಡ ಸಾರಸ್ವತರ ಮನೆಯಲ್ಲಿ ಕೊಂಕಣಿ. ವಿಜಯಪುರ, ಧಾರವಾಡ, ಕಲಬುರಗಿ ಕಡೆಯ ದೇಶಸ್ಥರ ಮನೆಯಲ್ಲಿ ಮರಾಠಿಯ ಲೇಪವುಳ್ಳ ಕನ್ನಡ. ಮಗುವು ಬೆಳಿಗ್ಗೆ ಅಜ್ಜಿಯೊಡನೆ ತುಳುವಿನಲ್ಲಿ ಮಾತನಾಡಿ, ಮೆಟ್ಟಿಲಿಳಿಯುವಾಗ ನೆರೆಮನೆಯವರೊಡನೆ ಮರಾಠಿ ಆಡಿ, ರಿಕ್ಷಾದವನೊಡನೆ ಹಿಂದಿ ಆಡಿ, ಶಾಲೆಯಲ್ಲಿ ಇಂಗ್ಲಿಷಿನಲ್ಲಿ ಪಾಠ ಕೇಳಿ, ಸಂಜೆ ಮಠದಲ್ಲಿ ಕನ್ನಡದ ದೇವರನಾಮ ಹಾಡುತ್ತದೆ. ಈ ಭಾಷೆಗಳ ನಡುವೆ ಒಂದೇ ಪದ ಒಂದೊಂದು ಕಡೆ ಒಂದೊಂದು ವೇಷ ಹಾಕುತ್ತದೆ. ‘ಶಿಕ್ಷಾ’ ಎಂದರೆ ಹಿಂದಿಯ ಪುಸ್ತಕದಲ್ಲಿ ವಿದ್ಯೆ. ಮರಾಠಿ ತರಗತಿಯಲ್ಲಿ ದಂಡನೆ. ಕನ್ನಡದ ಶಿಕ್ಷೆಯೂ ದಂಡನೆಯೇ. ಈ ‘ಉಪನ್ಯಾಸ’ವನ್ನೇ ಹಿಂದಿ ಓದಿದ ಹುಡುಗನು ಕಾದಂಬರಿಯೆಂದು ತಿಳಿದರೆ ಅವನ ತಪ್ಪೇನೂ ಇಲ್ಲ.

ಹಲವು ಭಾಷೆಗಳ ನಡುವೆ ಬೆಳೆಯುವುದರಿಂದ ಮಗುವಿನ ಬುದ್ಧಿಗೆ ಗೊಂದಲವಾಗುತ್ತದೆ ಎಂಬ ಭಯ ಅನೇಕ ತಾಯಂದಿರಲ್ಲಿದೆ. ಮನೆಯಲ್ಲಿಯೂ ಇಂಗ್ಲಿಷನ್ನೇ ಆಡಿರೆಂದು ಸಲಹೆ ಕೊಡುವ ಶಿಕ್ಷಕರೂ ಇದ್ದಾರೆ. ಈ ಭಯಕ್ಕೆ ಆಧಾರವಿಲ್ಲ. ಐದು ಭಾಷೆಗಳನ್ನು ಆಡಬಲ್ಲ ಮಗುವಿಗೆ ಯಾವ ಭಾಷೆಯಲ್ಲಿಯೂ ಒಂದು ಪುಟವನ್ನು ಅರ್ಥವಾಗಿ ಓದಲು, ಹತ್ತು ವಾಕ್ಯಗಳನ್ನು ಸ್ವಂತವಾಗಿ ಬರೆಯಲು ಬಾರದಿರುವುದೇ ನಿಜವಾದ ಅಪಾಯ. ಕೆನಡಾ ದೇಶದ ಶಿಕ್ಷಣತಜ್ಞ ಜಿಮ್ ಕಮಿನ್ಸ್ ಅವರು ವಲಸೆ ಕುಟುಂಬಗಳ ಮಕ್ಕಳ ಕಲಿಕೆಯನ್ನು ಪರಿಶೀಲಿಸಿ, 1980ರ ಆಸುಪಾಸಿನಲ್ಲಿಯೇ ಒಂದು ಭೇದವನ್ನು ತೋರಿಸಿಕೊಟ್ಟರು. ಆಟದಂಗಳದ ಮಾತು ಮಗುವಿಗೆ ಸುಮಾರು ಎರಡು ವರ್ಷಗಳಲ್ಲಿ ಬರುತ್ತದೆ. ಪಾಠಪುಸ್ತಕದ ಭಾಷೆಯಲ್ಲಿ ಸಹಪಾಠಿಗಳನ್ನು ಸರಿಗಟ್ಟಲು ಐದರಿಂದ ಏಳು ವರ್ಷಗಳು ಬೇಕಾಗುತ್ತವೆ. ಒಂದು ಭಾಷೆಯಲ್ಲಿ ಗಟ್ಟಿಯಾಗಿ ಓದಲು ಕಲಿತ ಮಗುವು ಆ ಓದಿನ ಬಲವನ್ನು ಎರಡನೆಯ ಭಾಷೆಗೂ ಒಯ್ಯುತ್ತದೆ ಎಂಬುದೂ ಅವರ ನಿರ್ಣಯ. ಇಂಗ್ಲಿಷಿನಲ್ಲಿ ಪಟಪಟನೆ ಮಾತನಾಡುವ ಮಗುವು ಪರೀಕ್ಷೆಯಲ್ಲಿ ಹಿಂದೆ ಬಿದ್ದಾಗ ಸೋಮಾರಿಯೆಂದು ಗದರುವ ಮನೆಗಳಲ್ಲಿ ಈ ಭೇದವನ್ನು ತಿಳಿದಿರುವುದು ಅವಶ್ಯ.

ವರ್ಗಾವಣೆಯಾಗಿ ಬರುವ ಕುಟುಂಬಗಳ ಪಾಡು ಬೇರೆಯದು. ಹುಬ್ಬಳ್ಳಿಯಲ್ಲಿ ಆರನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದ ಹುಡುಗಿ ಥಾಣೆಗೆ ಬಂದು ಮರಾಠಿ ಶಾಲೆಗೆ ಸೇರುತ್ತಾಳೆ ಎಂದಿಟ್ಟುಕೊಳ್ಳೋಣ. ಗಣಿತದ ಶಿಕ್ಷಕರು ‘ಅಪೂರ್ಣಾಂಕ’ ಎಂದಾಗ ಅವಳು ಕಣ್ಣುಬಿಟ್ಟು ಕೂರುತ್ತಾಳೆ. ಅದೇ ಲೆಕ್ಕವನ್ನು ‘ಭಿನ್ನರಾಶಿ’ ಎಂದು ಹೇಳಿದ್ದರೆ ಬಾಯಿಯಲ್ಲಿಯೇ ಬಿಡಿಸುತ್ತಿದ್ದಳು. ಕನ್ನಡದ ಲಂಬಕೋನ ಅಲ್ಲಿ ‘ಕಾಟಕೋನ’ವಾಗಿರುತ್ತದೆ, ದ್ಯುತಿಸಂಶ್ಲೇಷಣೆ ‘ಪ್ರಕಾಶಸಂಶ್ಲೇಷಣ’ವಾಗಿರುತ್ತದೆ. ಅವಳಿಗೆ ವಿಷಯ ಗೊತ್ತು, ಹೆಸರು ಗೊತ್ತಿಲ್ಲ. ಆದರೆ ಶಿಕ್ಷಕರ ಪುಸ್ತಕದಲ್ಲಿ ಅವಳು ದಡ್ಡಿಯೆಂದು ದಾಖಲಾಗುತ್ತಾಳೆ. ಬೇಸಿಗೆಯ ರಜೆಯಲ್ಲಿ ಎರಡೂ ಭಾಷೆಯ ಗಣಿತ, ವಿಜ್ಞಾನ ಪುಸ್ತಕಗಳನ್ನು ಎದುರುಬದುರು ಇಟ್ಟು ಒಂದು ನೋಟುಪುಸ್ತಕದಲ್ಲಿ ಜೋಡಿಪದಗಳನ್ನು ಬರೆಸಿದ್ದರೆ ಈ ಅವಮಾನ ಬಹುಪಾಲು ತಪ್ಪುತ್ತಿತ್ತು. ಇದಕ್ಕೆ ಹಣ ಬೇಡ; ಪುಣೆಯ ಬಾಲಭಾರತಿ ಸಂಸ್ಥೆಯು ಮರಾಠಿಯ ಜೊತೆಗೆ ಕನ್ನಡದಲ್ಲಿಯೂ ಪಠ್ಯಪುಸ್ತಕಗಳನ್ನು ಅಚ್ಚು ಮಾಡುತ್ತದೆ. ಸೊಲ್ಲಾಪುರ ಜಿಲ್ಲೆಯ ಅಕ್ಕಲಕೋಟೆ, ಸಾಂಗಲಿ ಜಿಲ್ಲೆಯ ಜತ್ತ ತಾಲ್ಲೂಕುಗಳ ಕನ್ನಡ ಶಾಲೆಗಳಲ್ಲಿ ಓದುವ ಮಕ್ಕಳ ಕೈಯಲ್ಲಿರುವುದು ಅವೇ ಪುಸ್ತಕಗಳು.

ವಲಸೆ ಬಂದ ವಿದ್ಯಾರ್ಥಿಯ ಸಮಸ್ಯೆ ಮುಂಬಯಿ ಕನ್ನಡಿಗರಿಗೆ ಹೊಸದೇನಲ್ಲ. ಅದನ್ನು ಅತ್ಯಂತ ಚೆನ್ನಾಗಿ ಪರಿಹರಿಸಿದವರೂ ಅವರೇ. ಅವಿಭಜಿತ ದಕ್ಷಿಣ ಕನ್ನಡದಿಂದ ಹತ್ತು ಹನ್ನೆರಡು ವರ್ಷದ ಹುಡುಗರು ಒಂಟಿಯಾಗಿ ಈ ನಗರಕ್ಕೆ ಬರುತ್ತಿದ್ದರು. ಹಗಲೆಲ್ಲ ಉಡುಪಿ ಹೋಟೆಲುಗಳಲ್ಲಿ ಕಪ್ಪು ಬಸಿ ತೊಳೆದು, ಮೇಜು ಒರೆಸಿ, ರಾತ್ರಿ ಅಂಗಡಿಯ ಹಲಗೆಯ ಮೇಲೆ ಮಲಗುತ್ತಿದ್ದರು. ಅಂಥವರಿಗಾಗಿ ಹುಟ್ಟಿದವು ಕನ್ನಡದ ರಾತ್ರಿ ಶಾಲೆಗಳು. 1902ರಲ್ಲಿ ಸ್ಥಾಪನೆಗೊಂಡ ಮೊಗವೀರ ವ್ಯವಸ್ಥಾಪಕ ಮಂಡಳಿಯು ರಾತ್ರಿ ಶಾಲೆಯನ್ನು ನಡೆಸಿತು. ಬಿಲ್ಲವರ ಅಸೋಸಿಯೇಶನ್ ಗುರುನಾರಾಯಣ ರಾತ್ರಿ ಪ್ರೌಢಶಾಲೆಯನ್ನು ನಡೆಸಿತು. ಹಗಲು ಓದುವ ಮಕ್ಕಳಿಗೆ ವಡಾಲದಲ್ಲಿ ನ್ಯಾಶನಲ್ ಕನ್ನಡ ಎಜುಕೇಶನ್ ಸೊಸೈಟಿಯ ಶಾಲೆ ಇತ್ತು. ಡೊಂಬಿವಲಿಯಲ್ಲಿ ಕರ್ನಾಟಕ ಸಂಘವು ಮಂಜುನಾಥ ವಿದ್ಯಾಲಯವನ್ನು ಕಟ್ಟಿತು. ರಾತ್ರಿ ಶಾಲೆಯ ಹುಡುಗನಿಗೆ ಮರಾಠಿಯೂ ಬರುತ್ತಿರಲಿಲ್ಲ, ಇಂಗ್ಲಿಷೂ ಬರುತ್ತಿರಲಿಲ್ಲ. ಬಂದ ಭಾಷೆಯಲ್ಲಿ ಪಾಠ ಆರಂಭವಾಗಿ, ಬಾರದ ಭಾಷೆಗಳು ಅದರ ಆಸರೆಯಲ್ಲಿ ಒಂದೊಂದಾಗಿ ಬಂದವು. ಹೀಗೆ ಓದಿ ಎಸ್.ಎಸ್.ಸಿ. ಮುಗಿಸಿದವರು ಬ್ಯಾಂಕುಗಳ ಗುಮಾಸ್ತರಾದರು, ವಕೀಲರಾದರು, ಹೋಟೆಲುಗಳ ಒಡೆಯರಾದರು. ಸಿಂಡಿಕೇಟ್, ವಿಜಯ, ಕಾರ್ಪೊರೇಶನ್ ಬ್ಯಾಂಕುಗಳು ಎಷ್ಟು ಮನೆಗಳಿಗೆ ಅನ್ನ ಕೊಟ್ಟವು! (2019–20ರ ವಿಲೀನಗಳಲ್ಲಿ ಆ ಹೆಸರುಗಳೇ ಅಳಿಸಿಹೋದವು.) ಕೋಟೆ, ಮಾಟುಂಗಾಗಳ ಬಾಡಿಗೆ ಕೋಣೆಗಳನ್ನು ಬಿಟ್ಟು ಡೊಂಬಿವಲಿಯಲ್ಲೋ, 1970ರಲ್ಲಿ ಆರಂಭವಾದ ಸಿಡ್ಕೋ ಸಂಸ್ಥೆ ಕಟ್ಟಿದ ನವಿಮುಂಬಯಿಯಲ್ಲೋ ಸ್ವಂತ ಮನೆ ಮಾಡಿದವರಲ್ಲಿ ಇಂಥವರು ಅನೇಕರು.

ಅವರ ಮೊಮ್ಮಕ್ಕಳು ಇಂದು ಇಂಗ್ಲಿಷ್ ಮಾಧ್ಯಮದಲ್ಲಿದ್ದಾರೆ. ಇದನ್ನು ದೂಷಿಸುವುದು ನ್ಯಾಯವಲ್ಲ. ಉದ್ಯೋಗದ ಚಿಂತೆ ಸಣ್ಣದಲ್ಲ; ಮಗುವಿನ ಮಾಧ್ಯಮವನ್ನು ಆರಿಸುವ ಹಕ್ಕು ತಂದೆತಾಯಿಗಳದೆಂದು ಸರ್ವೋಚ್ಚ ನ್ಯಾಯಾಲಯವೂ 2014ರಲ್ಲಿ ತೀರ್ಪು ನೀಡಿದೆ. ಆದರೆ ಕನ್ನಡ ಶಾಲೆಯಲ್ಲಿ ಓದಿದರೆ ಇಂಗ್ಲಿಷ್ ಬಾರದು ಎಂಬ ಮಾತು ಮಾತ್ರ ಹಳಸಿದ್ದು. ಮಹಾರಾಷ್ಟ್ರದಲ್ಲಿ 2000ದ ಜೂನ್‌ನಿಂದಲೇ ಎಲ್ಲ ಮಾಧ್ಯಮಗಳ ಮಕ್ಕಳಿಗೂ ಒಂದನೆಯ ತರಗತಿಯಿಂದ ಇಂಗ್ಲಿಷ್ ಕಲಿಸಲಾಗುತ್ತಿದೆ.

ಶಾಲೆಯೊಂದು ಸಾಯುವ ಬಗೆಯನ್ನು ಕೂಡ ತಿಳಿಯಬೇಕು. ಅನುದಾನಿತ ಶಾಲೆಯಲ್ಲಿ ಶಿಕ್ಷಕರ ಹುದ್ದೆಗಳು ಮಕ್ಕಳ ಸಂಖ್ಯೆಯ ಮೇಲೆ ಮಂಜೂರಾಗುತ್ತವೆ. ಸಂಖ್ಯೆ ಇಳಿದರೆ ಒಂದು ಹುದ್ದೆ ಹೋಗುತ್ತದೆ. ಉಳಿದ ಶಿಕ್ಷಕರು ಎರಡು ತರಗತಿಗಳನ್ನು ಒಟ್ಟಿಗೆ ಕೂರಿಸಿ ಪಾಠ ಮಾಡುತ್ತಾರೆ. ಅದನ್ನು ಕಂಡು ಇನ್ನಷ್ಟು ಪೋಷಕರು ಮಕ್ಕಳನ್ನು ಬಿಡಿಸುತ್ತಾರೆ. ಯಾರೂ ಬೀಗ ಹಾಕಬೇಕಾಗಿಲ್ಲ.

ಹಾಗಾದರೆ ಈ ಶಾಲೆಗಳ ಅಗತ್ಯ ಈಗ ಯಾರಿಗಿದೆ? ಕಲಬುರಗಿ, ಯಾದಗಿರಿ, ವಿಜಯಪುರಗಳ ಒಣಭೂಮಿಯಿಂದ ಕಟ್ಟಡದ ಕೆಲಸಕ್ಕೆ ಬಂದ ಕೂಲಿಕಾರರ ಮಕ್ಕಳಿಗೆ. ಬೆಳಗಿನ ಹೊತ್ತು ನವಿಮುಂಬಯಿಯ ನಾಕಾಗಳಲ್ಲಿ ಕೆಲಸಕ್ಕಾಗಿ ನಿಂತವರ ಮಾತನ್ನು ಕಿವಿಗೊಟ್ಟು ಕೇಳಿದರೆ ಆ ಸೀಮೆಯ ಕನ್ನಡ ಕಿವಿಗೆ ಬೀಳುತ್ತದೆ. ಅವರಲ್ಲಿ ಹಲವರ ಮನೆಮಾತು ಲಂಬಾಣಿ. ಅವರ ಮಗುವಿಗೆ ಕನ್ನಡವೇ ಎರಡನೆಯ ಭಾಷೆ, ಮರಾಠಿ ಮೂರನೆಯದು. ಒಂದು ಕಟ್ಟಡ ಮುಗಿದರೆ ಮತ್ತೊಂದು ಊರು. ಸುಗ್ಗಿಗೆ ತವರಿನ ಹಾದಿ. ಸ್ಥಿತಿವಂತರ ಮಗುವಿಗೆ ಕನ್ನಡ ಶಾಲೆ ಮುಚ್ಚಿದರೂ ಬೇರೆ ದಾರಿಗಳಿವೆ. ಈ ಮಗುವಿಗೆ ಇಲ್ಲ. ನೂರು ವರ್ಷಗಳ ಹಿಂದೆ ರಾತ್ರಿ ಶಾಲೆಯ ಬೆಂಚಿನ ಮೇಲೆ ತೂಕಡಿಸುತ್ತ ಕುಳಿತಿದ್ದ ಹೋಟೆಲಿನ ಹುಡುಗನ ಸ್ಥಾನದಲ್ಲಿ ಇಂದು ನಿಂತಿರುವುದು ಈ ಮಗುವೇ.

ಕಾನೂನು ಅದರ ಪಕ್ಷದಲ್ಲಿದೆ. ಸಂವಿಧಾನದ 350ಎ ವಿಧಿಯು ಭಾಷಾ ಅಲ್ಪಸಂಖ್ಯಾತ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಬೋಧನೆಗೆ ಸೌಕರ್ಯ ಒದಗಿಸುವ ಹೊಣೆಯನ್ನು ರಾಜ್ಯಗಳಿಗೆ ವಹಿಸಿದೆ. 2009ರ ಶಿಕ್ಷಣ ಹಕ್ಕು ಕಾಯಿದೆಯ ಪ್ರಕಾರ ಆರರಿಂದ ಹದಿನಾಲ್ಕು ವರ್ಷದ ಮಗುವನ್ನು ಅದರ ವಯಸ್ಸಿಗೆ ತಕ್ಕ ತರಗತಿಗೇ ಸೇರಿಸಿಕೊಳ್ಳಬೇಕು. ಹಿಂದುಳಿದಿದ್ದರೆ ವಿಶೇಷ ತರಬೇತಿ ಕೊಡಬೇಕು. ಹಿಂದಿನ ಶಾಲೆಯ ವರ್ಗಾವಣೆ ಪತ್ರ ಬರಲು ತಡವಾಯಿತೆಂದು ಪ್ರವೇಶವನ್ನು ನಿರಾಕರಿಸುವಂತಿಲ್ಲ. ಈ ಸಂಗತಿ ಕೂಲಿಯ ತಾಯಿಗೆ ಗೊತ್ತಿಲ್ಲ. ಗೊತ್ತಿದ್ದರೂ ಮುಖ್ಯೋಪಾಧ್ಯಾಯರ ಕೋಣೆಯಲ್ಲಿ ಹೇಳುವ ಧೈರ್ಯವಿಲ್ಲ. ಮರಾಠಿ, ಕನ್ನಡ ಎರಡನ್ನೂ ಬಲ್ಲ ಒಬ್ಬ ನಿವೃತ್ತ ಬ್ಯಾಂಕ್ ನೌಕರರು ಅವಳೊಡನೆ ಅರ್ಧ ಗಂಟೆ ಹೋಗಿ ಬಂದರೆ ಸಾಕು, ಒಂದು ಮಗು ಶಾಲೆಯೊಳಗಿರುತ್ತದೆ. ಮಠದ ಸೇವಾಕರ್ತರ ಪಟ್ಟಿಯಲ್ಲಿ ಇಂಥ ಹಿರಿಯರಿಗೆ ಬರವಿಲ್ಲ.

ಮರಾಠಿಯ ವಿಷಯದಲ್ಲಿ ಒಂದು ಮಾತು. 2020ರ ಕಾಯಿದೆಯಿಂದ ಮಹಾರಾಷ್ಟ್ರದ ಎಲ್ಲ ಮಂಡಳಿಗಳ ಶಾಲೆಗಳಲ್ಲಿಯೂ ಹತ್ತನೆಯ ತರಗತಿಯವರೆಗೆ ಮರಾಠಿ ಕಡ್ಡಾಯವಾಗಿದೆ. ಇದನ್ನು ಹೊರೆಯೆಂದು ಗೊಣಗುವವರುಂಟು. ಜ್ಞಾನೇಶ್ವರರು ವಿಠ್ಠಲನನ್ನು ‘ಕಾನಡಾ’ ಎಂದೇ ಕರೆದರು. ಪುರಂದರವಿಠಲ, ವಿಜಯವಿಠಲ ಎಂದು ದಾಸರು ಅಂಕಿತವಿಟ್ಟುಕೊಂಡದ್ದು ಅದೇ ದೇವರ ಹೆಸರಿನಿಂದ. ಮರಾಠಿ ಕಲಿತ ಮಗುವಿಗೆ ಕನ್ನಡದ ಅರ್ಧ ದಾರಿ ಸವೆದಿರುತ್ತದೆ. ವರ್ಣಮಾಲೆಯ ಕ್ರಮ ಒಂದೇ, ಕಾಗುಣಿತದ ಲೆಕ್ಕ ಒಂದೇ, ‘ಳ’ಕಾರ ಎರಡರಲ್ಲಿಯೂ ಉಂಟು. ಹೊಸದಾಗಿ ಕಲಿಯಬೇಕಾದದ್ದು ಅಕ್ಷರಗಳ ಆಕಾರ, ಕೆಳಗೆ ಬರೆಯುವ ಒತ್ತು, ಮತ್ತು ಹ್ರಸ್ವವಾದ ಎ, ಒ.

ಈ ಹ್ರಸ್ವ ಎ, ಒ ಸಣ್ಣ ವಿಷಯವೆಂದು ತೋರಬಹುದು. ಮರಾಠಿಯ ಬರಹದಲ್ಲಿ ಇವಕ್ಕೆ ಪ್ರತ್ಯೇಕ ಚಿಹ್ನೆಯಿಲ್ಲ. ಭಜನೆಗೆ ಬರುವ ಮಕ್ಕಳ ಅನುಕೂಲಕ್ಕೆಂದು ದೇವರನಾಮಗಳನ್ನು ದೇವನಾಗರಿಯಲ್ಲಿ ಬರೆದುಕೊಡುವ ರೂಢಿ ಈಗ ಎಲ್ಲೆಡೆ ಬಂದಿದೆ. ಉದ್ದೇಶ ಒಳ್ಳೆಯದೇ. ಆದರೆ ಹಾಗೆ ಬರೆದಾಗ ಹೊಲದ ಬೆಳೆ ಅಡುಗೆಯ ಬೇಳೆಯಾಗುತ್ತದೆ. ‘ಕೊಡು’ ಎಂದು ದೇವರಲ್ಲಿ ಬೇಡುವ ಮಗು ‘ಕೋಡು’ ಎಂದು ಹಾಡುತ್ತದೆ. ಭಗವಂತನಿಗೆ ಅರ್ಥವಾಗುತ್ತದೆ, ಸರಿ. ಹಾಡುವ ಮಗುವಿಗೆ ಅರ್ಥವಾಗುವುದಿಲ್ಲ, ಮತ್ತು ಅರ್ಥವಾಗಿಲ್ಲವೆಂಬುದೂ ಅದಕ್ಕೆ ತಿಳಿಯುವುದಿಲ್ಲ.

ಮರಾಠಿ ಓದಬಲ್ಲ ಹತ್ತು ವರ್ಷದ ಮಗುವಿಗೆ ಕನ್ನಡದ ಅಕ್ಷರ ಕಲಿಸಲು ದೊಡ್ಡ ಪಾಠಶಾಲೆ ಬೇಕಿಲ್ಲ. ಒಂದು ಬೇಸಿಗೆ ರಜೆ, ದಿನಕ್ಕೆ ಅರ್ಧ ಗಂಟೆ, ಮತ್ತು ಓದಲು ಏನಾದರೊಂದು ನಿತ್ಯದ ಕಾರಣ ಇದ್ದರೆ ಸಾಕು. ಕಾಲನಿರ್ಣಯ ಕ್ಯಾಲೆಂಡರ್ ಮರಾಠಿಯಂತೆ ಕನ್ನಡದಲ್ಲಿಯೂ ಪ್ರಕಟವಾಗುತ್ತದೆ. ಅಡುಗೆಮನೆಯ ಗೋಡೆಗೆ ಎರಡನ್ನೂ ತೂಗುಹಾಕಿದರೆ ಮಗುವು ವಾರ, ತಿಥಿ, ನಕ್ಷತ್ರಗಳ ಹೆಸರನ್ನು ಒಂದರಿಂದ ಇನ್ನೊಂದಕ್ಕೆ ತಾನೇ ಹೊಂದಿಸಿಕೊಳ್ಳುತ್ತದೆ. ಏಕಾದಶಿಯ ನಿರ್ಣಯಕ್ಕೆ ಮಾತ್ರ ಮಠದ ಪಂಚಾಂಗವನ್ನೇ ನೋಡಬೇಕಷ್ಟೆ. ಆ ಸಣ್ಣ ಅಚ್ಚಿನ ಕನ್ನಡ ಅಜ್ಜಿಯ ಕಣ್ಣಿಗೆ ಈಗೀಗ ಸರಿಯಾಗಿ ಕಾಣುವುದಿಲ್ಲ. ನಾಳೆ ಉಪವಾಸವೋ ನಾಡಿದ್ದೋ ಎಂದು ಅವರು ಮೊಮ್ಮಗಳನ್ನು ಕರೆದು ಕೇಳಲಿ.